ಲಗ್ನಪತ್ರಿಕೆಯ ಮೊಳೆಗಳಲ್ಲಿ ಗರಿಷ್ಠ ಲಾಭದ ಲೆಕ್ಕ

ನಮ್ಮ ಪ್ರೆಸ್ಸಿನಲ್ಲಿ ಆಯುಧಪೂಜೆಯ ದಿನ ಒಂದು ಪದ್ಧತಿಯಿತ್ತು. ಯಾವ ಕೇಸಿನ ಮುಂದೆ ಯಾರು ನಿಂತು ಕೆಲಸ ಮಾಡುತ್ತಾರೋ ಆ ಕೇಸಿಗೆ ಅವರೇ ಕುಂಕುಮ ಇಡಬೇಕು. ಕೇಸು ಅಂದರೆ ಸೀಸದಲ್ಲಿ ಎರಕ ಹೊಯ್ದ ಅಚ್ಚಿನ ಮೊಳೆಗಳನ್ನು ತುಂಬಿಟ್ಟ, ಸಣ್ಣ ಸಣ್ಣ ಗೂಡುಗಳ ಮರದ ತಟ್ಟೆ. ಒಂದೊಂದು ಗೂಡಿಗೆ ಒಂದೊಂದು ಅಕ್ಷರ. ಪಾಂಡವಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದ್ದ ನಮ್ಮ ಪ್ರೆಸ್ಸಿನಲ್ಲಿ ಮೂರು ಕೇಸುಗಳಿದ್ದವು. ಒಂದು ಅಪ್ಪನದು. ಇನ್ನೊಂದು ಸಿಂಧಘಟ್ಟದಿಂದ ಬಂದು ನಮ್ಮಲ್ಲೇ ತಲೆ ಬೆಳ್ಳಗಾಗಿದ್ದ ಹಿರಿಯ ಕೆಲಸಗಾರನದು. ನಾನು ಅವರನ್ನು ಸಿಂಧಘಟ್ಟದಣ್ಣ ಎನ್ನುತ್ತಿದ್ದೆ. ಮೂರನೆಯದು ಕಿಟಕಿ ಪಕ್ಕದ್ದು. ಅದರ ಮುಂದೆ ನಿಲ್ಲುತ್ತಿದ್ದವನು ಮೈಸೂರಿನ ದೊಡ್ಡ ಪ್ರೆಸ್ಸಿಗೆ ಹೋದಮೇಲೆ ಅದು ಯಾರದ್ದೂ ಅಲ್ಲ. ಯಾರದ್ದೂ ಅಲ್ಲದ್ದಕ್ಕೆ ಅಪ್ಪನೇ ಕುಂಕುಮ ಇಡುತ್ತಿದ್ದರು. ನಾನು ತಟ್ಟೆ ಹಿಡಿದು ಅವರ ಹಿಂದೆ ಹಿಂದೆ ಹೋಗುತ್ತಿದ್ದೆ.

ನನಗೆ ಆ ಕಿಟಕಿ ಪಕ್ಕದ ಕೇಸು ಬೇಕಾಗಿತ್ತು. ಯಾಕೆ ಎಂದು ಕೇಳಿದರೆ ದೊಡ್ಡ ಕಾರಣಗಳೇನೂ ಇಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ, ಪ್ರೆಸ್ಸಿನಲ್ಲಿ ನನ್ನ ಪಾಲಿಗೆ ಬಂದದ್ದು ಮೊಳೆ ತೊಳೆಯುವ ಕೆಲಸ. ಅಚ್ಚಾದ ಪುಟಗಳನ್ನು ಬಿಚ್ಚಿ, ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಒಂದೊಂದನ್ನೂ ಅದರದರ ಗೂಡಿಗೆ ಹಾಕಬೇಕು. ಮದುವೆಮನೆಯಲ್ಲಿ ಊಟ ಬಡಿಸುವವರು ಬೇರೆ, ಎಲೆ ಎತ್ತುವವರು ಬೇರೆ. ನಾನು ಎಲೆ ಎತ್ತುವವಳು. ಕಣ್ಣು ಮುಚ್ಚಿಕೊಂಡು ಯಾವ ಗೂಡಿಗೆ ಬೇಕಾದರೂ ಕೈ ಹಾಕುತ್ತಿದ್ದೆ, ಆದರೆ ಒಂದು ಸಾಲು ಜೋಡಿಸಲು ಬಿಡುತ್ತಿರಲಿಲ್ಲ. ಅದಕ್ಕೆ ನನಗೆ ಮೈ ಉರಿಯುತ್ತಿತ್ತು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮದು ಲಗ್ನಪತ್ರಿಕೆಯ ಪ್ರೆಸ್ಸು. ಹೊಸಹೊಳಲಿನವರೂ ನಾಗಮಂಗಲದವರೂ ನಮ್ಮಲ್ಲಿಗೇ ಬರುತ್ತಿದ್ದರು. ಅಪ್ಪನ ಕೈಯಲ್ಲಿ ಪತ್ರಿಕೆ ಅಚ್ಚಾದರೆ ಹೂವಿನ ಅಂಚು ಚೆನ್ನಾಗಿ ಕೂರುತ್ತದೆಂದು ಹೆಸರಿತ್ತು. ಮಧ್ಯೆ ಮಧ್ಯೆ ಸೊಸೈಟಿಯ ರಶೀದಿ ಪುಸ್ತಕ, ಟೆಂಟ್ ಸಿನಿಮಾದ ನೋಟೀಸು. ಆಷಾಢ ಬಂತೆಂದರೆ ಲಗ್ನವಿಲ್ಲ, ನಮಗೆ ಕೆಲಸವಿಲ್ಲ. ಕಾಲಲ್ಲಿ ತುಳಿದು ಓಡಿಸುವ ಟ್ರೆಡಲ್ ಮೆಷಿನ್ನಿನ ಮೇಲೆ ಬೆಕ್ಕು ಮಲಗುತ್ತಿತ್ತು.

ಅಂಥ ಒಂದು ಆಷಾಢದಲ್ಲಿ ಚಿನಕುರಳಿಯ ಮೇಷ್ಟ್ರು ಬಂದರು. ಮೈಸೂರಿನ ಒಂದು ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವರು, ಊರಲ್ಲಿ ಗದ್ದೆಯೂ ಇತ್ತು. ಕಂಕುಳಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಕೈಬರಹದ ಹಾಳೆಗಳು. ಇರುವ ಜಮೀನು, ಇರುವ ನೀರು, ಇರುವ ಆಳುಗಳು ಇಷ್ಟೇ ಆದಾಗ ಯಾವ ಬೆಳೆ ಎಷ್ಟು ಹಾಕಿದರೆ ಲಾಭ ಗರಿಷ್ಠವಾಗುತ್ತದೆ, ಇಂಥ ಲೆಕ್ಕಗಳ ಪುಸ್ತಕವಂತೆ. ಅದೂ ಕನ್ನಡದಲ್ಲಿ. ಮೈಸೂರಿನ ಪ್ರೆಸ್ಸುಗಳಲ್ಲಿ, ಇಂಗ್ಲಿಷಿನಲ್ಲಿ ಬರೆದು ತನ್ನಿ, ಕನ್ನಡದಲ್ಲಿ ಇಂಥದ್ದನ್ನು ಜೋಡಿಸಲಾಗದು ಎಂದು ವಾಪಸು ಕಳಿಸಿದ್ದರಂತೆ.

"ನಮ್ಮ ಹುಡುಗ್ರು ನಾಲೆ ನೀರಿಗೆ ರಾತ್ರಿಯೆಲ್ಲ ಕಾದು ಬೆಳಿಗ್ಗೆ ಕ್ಲಾಸಿಗೆ ಬರ್ತಾರೆ ಯಜಮಾನ್ರೇ. ಆ ನೀರಿನ ಲೆಕ್ಕಾನೇ ಅವರಿಗೆ ಇಂಗ್ಲಿಷಲ್ಲಿ ಹೇಳ್ಬೇಕಾ? ದಸರಾ ರಜ ಮುಗಿಯೋದ್ರೊಳಗೆ ಪುಸ್ತಕ ಅವರ ಕೈಲಿರ್ಬೇಕು" ಎಂದರು.

ಆಷಾಢದ ಸೋಮಾರಿತನಕ್ಕೋ ಏನೋ, ಅಪ್ಪ ಹ್ಞೂಂ ಎಂದುಬಿಟ್ಟರು. ಸಿಂಧಘಟ್ಟದಣ್ಣ ಹಾಳೆಗಳನ್ನು ತಿರುಗಿಸಿ ನೋಡಿ ಕೈಮುಗಿದರು. "ಇದೇನ್ ಯಜಮಾನ್ರೇ, ಅಕ್ಸರ ಒಂದ್ ಕಡೆ, ಅಂಕಿ ಒಂದ್ ಕಡೆ, ಮದ್ಯಮದ್ಯ ಗಿಣಿಕೊಕ್ಕು ಬರ್ದವ್ರೆ. ನನ್ ಕೈಲಿ ಆಗಕ್ಕಿಲ್ಲ."

ಅವರು ಗಿಣಿಕೊಕ್ಕು ಎಂದದ್ದು 'ಇದಕ್ಕಿಂತ ಹೆಚ್ಚಾಗಬಾರದು' ಎಂದು ಹೇಳುವ ಗುರುತಿಗೆ. ಕೊಕ್ಕಿನಂಥ ಚಿಹ್ನೆ, ಅದರಡಿ ಒಂದು ಗೆರೆ: ≤. ಅಂದಿನಿಂದ ನಮ್ಮ ಪ್ರೆಸ್ಸಿನಲ್ಲಿ ಅದರ ಹೆಸರು ಗಿಣಿಕೊಕ್ಕು ಎಂದೇ ಆಯಿತು.

ಅಪ್ಪ ಹಾಳೆಗಳನ್ನು ಮೇಷ್ಟ್ರ ಕಡೆಗೆ ಸರಿಸುತ್ತಿದ್ದರು. ನನ್ನ ಬಾಯಿ ನನ್ನನ್ನು ಕೇಳದೆ ಮಾತಾಡಿತು. "ನಾನ್ ಜೋಡಿಸ್ತೀನಿ."

ಅಪ್ಪ ನಕ್ಕರು. ಮೇಷ್ಟ್ರ ಮುಂದೆ ಇಲ್ಲ ಎನ್ನಲೂ ಆಗದೆ, "ಆಗ್ಲಿ ಕಣವ್ವ, ಒಂದ್ ಪುಟ ಜೋಡ್ಸು. ಸರ್ಯಾಗ್ ಬಂದ್ರೆ ಆ ಕಿಟ್ಕಿ ಪಕ್ಕದ್ ಕೇಸು ನಿಂದೇಯ. ಬರ್ನಿಲ್ಲ ಅಂದ್ರೆ ಇನ್ ಈ ಕಡೀಕೇ ಬರ್ಬ್ಯಾಡ, ಅವ್ವನ್ ಜೊತೆ ಮನೇಲಿರು" ಎಂದರು. ಅವರು ತಮಾಷೆಗೆ ಹೇಳಿದ್ದು. ನಾನು ತಮಾಷೆಯೆಂದು ತೆಗೆದುಕೊಳ್ಳಲಿಲ್ಲ. ಅಷ್ಟು ದಿನ ಕಾದವಳಿಗೆ ಅಂಥ ತಮಾಷೆ ಇನ್ನೊಂದು ಸಲ ಸಿಗುತ್ತದೆಯೇ?

ಮೊದಲ ತೊಡಕು ಎಕ್ಸ್ ಅಕ್ಷರದ್ದು. ಮೇಷ್ಟ್ರು ಎಲ್ಲ ಕಡೆ ಎಕ್ಸ್, ವೈ ಎಂದು ಬರೆದಿದ್ದರು. ನಮ್ಮಲ್ಲಿದ್ದ ಒಂದಿಷ್ಟು ಇಂಗ್ಲಿಷ್ ಮೊಳೆಗಳು ಮದುಮಗನ ಬಿ.ಎ., ಬಿ.ಎಸ್ಸಿ., ಎಲ್‌ಎಲ್‌.ಬಿ.ಗಳಿಗಾಗಿ ಇಟ್ಟವು. ಬಿ ಅಕ್ಷರ ಬೊಗಸೆ ತುಂಬ ಇತ್ತು. ಎಕ್ಸ್ ಓದಿದ ಗಂಡು ನಮ್ಮ ಸೀಮೆಯಲ್ಲಿ ಯಾರೂ ಇರಲಿಲ್ಲವಲ್ಲ, ಅದರ ಗೂಡು ಹೆಚ್ಚೂಕಡಿಮೆ ಖಾಲಿ. ಮೇಷ್ಟ್ರಿಗೆ ಹೇಳಿದಾಗ ಅವರು, "ಕಬ್ಬಿಗೆ ಕ, ಭತ್ತಕ್ಕೆ ಭ ಅಂತ ಹಾಕು ತಾಯಿ. ಅದೇ ವಾಸಿ" ಎಂದು ತಾವೇ ಕೂತು ಎಲ್ಲ ಹಾಳೆಗಳನ್ನೂ ತಿದ್ದಿದರು.

ಗಿಣಿಕೊಕ್ಕಿನ ಮೊಳೆ ಇಡೀ ಪ್ರೆಸ್ಸಿನಲ್ಲಿ ಒಂದೂ ಇರಲಿಲ್ಲ. ನಾನು ಒಂದು ಬೆಳಗೆಲ್ಲ ಗೂಡುಗಳನ್ನು ಕೆದಕುವುದನ್ನು ನೋಡಿ ಸಿಂಧಘಟ್ಟದಣ್ಣ ಬೀಡಿ ಹಚ್ಚುತ್ತ, "ಇಂಗ್ಲಿಷ್ ವಿ ಐತಲ್ಲ, ಅದ್ನ ಅಡ್ಡ ಮಲಗ್ಸು. ಗಿಣಿ ತಾನೇ ಕೊಕ್ ತಗೀತದೆ" ಎಂದು ಗೇಲಿ ಮಾಡಿದರು. ನಾನು ನಿಜವಾಗಿಯೂ ಮಲಗಿಸಿದೆ. ವಿ ಮೊಳೆಯನ್ನು ಅಡ್ಡ ತಿರುಗಿಸಿ, ಅದರಡಿ ತೆಳ್ಳಗಿನ ಹಿತ್ತಾಳೆ ಪಟ್ಟಿಯ ತುಂಡು ಕೊಟ್ಟು, ಅಲುಗದಂತೆ ಸುತ್ತ ಸೀಸದ ಚೂರು ತುರುಕಿದೆ. ಗಿಣಿಕೊಕ್ಕೇ ಆಯಿತು. ಸಿಂಧಘಟ್ಟದಣ್ಣನ ಬೀಡಿ ತುಟಿಯಲ್ಲೇ ನಿಂತಿತು. ಆ ಮುಖ ನೋಡಿ ನನಗೆ ಆದ ಖುಷಿಯನ್ನು ಮುಚ್ಚಿಡುವುದೇಕೆ, ಬೀದಿಗೆ ಓಡಿಹೋಗಿ ಕೂಗಬೇಕೆನ್ನಿಸಿತ್ತು.

ಮೊದಲ ಪುಟವನ್ನು ಜೋಡಿಸಿ, ಮಸಿ ಸವರಿ, ಪ್ರೂಫು ತೆಗೆದೆ. ನೋಡಿದವರು ಕಣ್ಣು ತೆಗೆಯಬಾರದು, ಅಷ್ಟು ಚೆನ್ನಾಗಿತ್ತು. ಮೇಷ್ಟ್ರು ಬಂದು ಅದನ್ನು ಕೈಗೆತ್ತಿಕೊಂಡರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಲಗ್ನಪತ್ರಿಕೆ ಆಗೋಯ್ತಲ್ಲ ತಾಯಿ!"

ಹೌದು. ಕಣ್ಣಿಗೆ ಅಭ್ಯಾಸವಾದದ್ದನ್ನೇ ಕೈ ಮಾಡಿತ್ತು. ನೆತ್ತಿಯ ಮೇಲೆ ಶ್ರೀಕಾರ ಹಾಕಿದ್ದೆ. 'ಗರಿಷ್ಠಗೊಳಿಸಿ: ೫ಕ + ೩ಭ' ಎಂಬುದನ್ನು ವಧೂವರರ ಹೆಸರಿನ ದಪ್ಪ ಮೊಳೆಯಲ್ಲಿ ಕೂರಿಸಿದ್ದೆ. ಅದರಡಿ ನಿಬಂಧನೆಗಳ ಸಾಲುಗಳೆಲ್ಲ ಮುಹೂರ್ತ, ಸ್ಥಳ, ಬಂಧುಮಿತ್ರರ ಆಗಮನಾಭಿಲಾಷಿಗಳಂತೆ ಪುಟದ ನಡುಮಧ್ಯಕ್ಕೆ ಬಂದು ನಿಂತಿದ್ದವು. ಉದ್ದ ಸಾಲು ಎರಡೂ ಕಡೆ ಚಾಚಿ, ಗಿಡ್ಡ ಸಾಲು ಒಳಗೆ ಸರಿದು. ಸುತ್ತ ಮಲ್ಲಿಗೆ ಬಳ್ಳಿಯ ಅಂಚು. ಅದೆಲ್ಲ ಹೋಗಲಿ. ಒಂದು ಸಾಲಿನಲ್ಲಿ ಕಬ್ಬಿನ ಮಾತೇ ಇರಲಿಲ್ಲ, ಭತ್ತ ಮಾತ್ರ. ಮೇಷ್ಟ್ರು ತಮ್ಮ ಕೈಬರಹದಲ್ಲಿ ಕಬ್ಬಿನ ಜಾಗವನ್ನು ಖಾಲಿ ಬಿಟ್ಟಿದ್ದರು. ಶುಭಪತ್ರಿಕೆಯಲ್ಲಿ ಖಾಲಿ ಬಿಡಬಾರದೆಂದು ಅಪ್ಪ ಕಲಿಸಿದ್ದರಲ್ಲ, ಅಲ್ಲಿ ಒಂದು ಹೂವಿನ ಮೊಳೆ ಇಟ್ಟಿದ್ದೆ.

ಮೇಷ್ಟ್ರು ಅದರ ಮೇಲೆ ಬೆರಳಿಟ್ಟು ಕೇಳಿದರು. "ಕಬ್ಬಿಗೆ ಇಷ್ಟು ನೀರು, ಭತ್ತಕ್ಕೆ ಇಷ್ಟು ನೀರು. ಈ ಹೂವಿಗೆಷ್ಟು ನೀರು ಬೇಕು ಅಂತ ಹುಡುಗ್ರು ಕೇಳಿದ್ರೆ ನಾನೇನು ಹೇಳ್ಲಿ?"

ಸಿಂಧಘಟ್ಟದಣ್ಣ ಕೆಮ್ಮು ಬರುವವರೆಗೆ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಅಪ್ಪ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ಹಾಳೆಗಳನ್ನು ಜೋಡಿಸಿ ಚೀಲಕ್ಕೆ ತುಂಬುತ್ತ, "ಓಗ್ಲಿ ಬುಡಿ ಮೇಷ್ಟ್ರೇ. ನಮ್ಮಂತೋರ್ ಕೆಲ್ಸ ಅಲ್ಲ ಇದು. ತಕ್ಕೊಂಡೋಗಿ" ಎಂದರು.

ನಾನು ಚೀಲ ಹಿಡಿದುಕೊಂಡೆ. ಅಪ್ಪನ ಕೈಯಿಂದ ಏನನ್ನಾದರೂ ಕಿತ್ತುಕೊಂಡದ್ದು ಅದೇ ಮೊದಲು. "ತಪ್ಪಾಗಿದ್ದು ಯಾಕೆ ಅಂತ ಮೇಷ್ಟ್ರು ಹೇಳ್ಲಿ. ಹೇಳಿದ್ಮೇಲೂ ತಪ್ಪಾದ್ರೆ ನಾನೇ ಚಿನಕುರಳಿಗೆ ಹೋಗಿ ಕೊಟ್ಟು ಬರ್ತೀನಿ" ಎಂದೆ. ಅಪ್ಪನ ಮುಖ ಕೆಂಪಾಯಿತು. ಮೇಷ್ಟ್ರು ಮಾತ್ರ ಸ್ಟೂಲು ಎಳೆದುಕೊಂಡು ಕೂತರು.

ಅವರು ಹೇಳಿದ್ದು ಹೀಗೆ. ಮೇಲಿನ ಸಾಲು ನಮ್ಮ ಆಸೆ, ಎಷ್ಟಾದರೂ ಬೆಳೆಯಲಿ ಎನ್ನುವುದು. ಕೆಳಗಿನವು ಆಸೆಗೆ ಹಾಕಿದ ಬೇಲಿಗಳು: ಜಮೀನು ಇಷ್ಟೇ, ನೀರು ಇಷ್ಟೇ, ನಾಟಿಗೆ ಸಿಗುವ ಆಳು ಇಷ್ಟೇ. ಓದುವವನು ಆ ಸಾಲುಗಳನ್ನು ಅಡ್ಡ ಮಾತ್ರ ಓದುವುದಿಲ್ಲ, ಮೇಲಿಂದ ಕೆಳಕ್ಕೂ ಓದುತ್ತಾನೆ. ಕಬ್ಬು ಎಲ್ಲೆಲ್ಲಿ ಎಷ್ಟು ತಿನ್ನುತ್ತದೆ ಎಂದು ಕಣ್ಣು ನೇರ ಇಳಿಯಬೇಕು. ಕ ಕೆಳಗೆ ಕ, ಭ ಕೆಳಗೆ ಭ, ಕೊಕ್ಕಿನ ಕೆಳಗೆ ಕೊಕ್ಕು.

"ಕಬ್ಬು ಇಲ್ಲದ ಕಡೆ?" ಎಂದು ಕೇಳಿದೆ.

"ಅದರ ಜಾಗ ಹಂಗೇ ಖಾಲಿ ಇರ್ಲಿ. ಯಾರೂ ಅಲ್ಲಿಗೆ ಬಂದು ಕೂರಬಾರದು. ಖಾಲಿ ಜಾಗಾನೂ ಲೆಕ್ಕದ ಒಳಗೇ ಇದೆ."

ಆಗ ನನಗೆ ನೆನಪಾದದ್ದು ಸೊಸೈಟಿಯ ರಶೀದಿ ಪುಸ್ತಕ. ಅದನ್ನು ಬಿಚ್ಚಿ ತೊಳೆದವಳು ನಾನೇ. ಅಂಕಣಗಳ ನಡುವೆ ಗೆರೆ ಹಾಕಿ ಜೋಡಿಸುತ್ತಾರೆ. ಗೆರೆಗಳನ್ನು ತೆಗೆದು ಅಂಕಣಗಳನ್ನು ಮಾತ್ರ ಉಳಿಸಿದರೆ ಮೇಷ್ಟ್ರು ಕೇಳುವುದು ಅದೇ ಅಲ್ಲವೇ? ಕಬ್ಬಿಗೆ ಒಂದು ಅಂಕಣ, ಕೂಡುವ ಗುರುತಿಗೊಂದು, ಭತ್ತಕ್ಕೊಂದು, ಕೊಕ್ಕಿಗೊಂದು, ಕೊನೆಯ ಅಂಕಿಗೊಂದು.

ಹೇಳುವುದು ಸುಲಭ. ಕ ಮೊಳೆಯ ಅಗಲವೇ ಬೇರೆ, ಭ ಮೊಳೆಯ ಅಗಲವೇ ಬೇರೆ. ಹತ್ತು ಎನ್ನುವುದು ಎರಡು ಮೊಳೆ, ಆರು ಎನ್ನುವುದು ಒಂದು. ಕೊರತೆ ಬಿದ್ದಲ್ಲೆಲ್ಲ ಖಾಲಿ ಸೀಸದ ತುಂಡು, ಅದೂ ಸಾಲದಿದ್ದರೆ ಕಾಗದ ಮಡಚಿ ಕತ್ತರಿಸಿದ ಚೂರು. ಎಲ್ಲ ಸರಿಯಾಯಿತೆಂದು ಮೆಷಿನ್ನಿಗೆ ಬಿಗಿದು ತುಳಿದರೆ ಒಳಗಿನ ಸೀಸದ ಚೂರುಗಳು ಮೇಲೆದ್ದು ಪುಟದ ತುಂಬ ಕಪ್ಪು ಕಲೆ. ಇಲ್ಲವೇ ಮಲಗಿಸಿದ ವಿ ಬೆಚ್ಚಿಬಿದ್ದಂತೆ ಎದ್ದು ನಿಲ್ಲುತ್ತಿತ್ತು. ಬಿಚ್ಚುವುದು, ಜೋಡಿಸುವುದು, ಬಿಗಿಯುವುದು, ಮತ್ತೆ ಬಿಚ್ಚುವುದು. ಊಟಕ್ಕೆ ಕರೆಯಲು ಬಂದ ಅವ್ವ, "ಇದ್ಯಾವ್ ಗಾಚಾರ ಮಗ, ಉಣ್ಣಕ್ಕೂ ಬರಕ್ಕಿಲ್ವಲ್ಲ" ಎಂದು ಬೈದು ಬುತ್ತಿ ಅಲ್ಲೇ ಇಟ್ಟು ಹೋಗುತ್ತಿದ್ದಳು. ನಾನು ಮೊಳೆಗಳಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಅವು ಕೇಳುವಂತಿದ್ದರೆ ಹೆದರಿಯಾದರೂ ಸಾಲಾಗಿ ನಿಲ್ಲುತ್ತಿದ್ದವು.

ಕೊನೆಗೆ ಒಂದು ಮಧ್ಯಾಹ್ನ ಪುಟ ಬಂತು. ಶ್ರೀಕಾರವಿಲ್ಲ, ಬಳ್ಳಿಯಿಲ್ಲ, ಹೂವಿಲ್ಲ. ಮೇಲೆ ಆಸೆಯ ಸಾಲು, ಕೆಳಗೆ ಬೇಲಿಗಳು, ಕೊಕ್ಕುಗಳೆಲ್ಲ ಒಂದರಡಿ ಒಂದು. ಮೂರನೆಯ ಸಾಲಿನಲ್ಲಿ ಕಬ್ಬಿನ ಜಾಗ ಖಾಲಿ, ಭತ್ತ ತನ್ನ ಜಾಗದಲ್ಲಿ. ಅಪ್ಪ ಅದನ್ನು ಬಾಗಿಲ ಬೆಳಕಿಗೆ ಒಯ್ದು ನೋಡಿದರು. ಹಿಂದೆ ತಿರುಗಿಸಿ ಅಚ್ಚು ಎಷ್ಟು ಒತ್ತಿದೆ ಎಂದು ಹೆಬ್ಬೆರಳಲ್ಲಿ ಸವರಿದರು. ಗೋಡೆಯ ಮೊಳೆಗೆ ಸಿಕ್ಕಿಸಿ, "ಮುಂದಿನ್ ಪುಟ ಮಾಡು" ಎಂದು ಹೇಳಿ ಹೊರಗೆ ಹೋದರು.

ಅಷ್ಟೇ. ಕೇಸಿನ ಮಾತು ಎತ್ತಲಿಲ್ಲ. ಕೊಟ್ಟ ಮಾತು ಮರೆತರೋ, ಮರೆತಂತೆ ನಟಿಸಿದರೋ ಗೊತ್ತಾಗಲಿಲ್ಲ. ಕೇಳಲು ನನಗೆ ಬಿಗುಮಾನ. ಕಿಟಕಿಯ ಪಕ್ಕ ನಿಂತು ಮುಂದಿನ ಪುಟ ಶುರುಮಾಡಿದೆ, ಕೊಡದಿದ್ದರೆ ಬಿಡುವುದಿಲ್ಲ ಎಂದು ಹಲ್ಲುಕಚ್ಚಿಕೊಂಡು.

ಹೆಸರಿನ ಇನಿಷಿಯಲ್ಲುಗಳಿಗೆಂದು ನಮ್ಮಲ್ಲಿದ್ದ ವಿ ಮೊಳೆಗಳು ಒಂದೇ ಪುಟಕ್ಕೆ ಸಾಕಾಗುತ್ತಿದ್ದವು. ಒಂದು ಪುಟ ಅಚ್ಚಾಗಿ, ತೊಳೆದು, ಗೂಡಿಗೆ ಸೇರಿದ ಮೇಲೇ ಇನ್ನೊಂದು. ಶ್ರಾವಣ ಬಂದು ಲಗ್ನಗಳು ಶುರುವಾದಾಗ ಮೊಳೆಗಳಿಗೆ ಜಗಳ. ಸಿಂಧಘಟ್ಟದಣ್ಣ ಬಂದು, "ಕ ಕೊಡವ್ವ, ಕಲ್ಯಾಣಕ್ಕೆ ಬೇಕು" ಎನ್ನುತ್ತಿದ್ದರು. "ಕಬ್ಬು ಅಚ್ಚಾಗ್ಲಿ ತಡೀರಿ" ಎನ್ನುತ್ತಿದ್ದೆ. ಅವರು ಗೊಣಗಿಕೊಂಡೇ ಕಾಯುತ್ತಿದ್ದರು. ಕಾದರು ಎನ್ನುವುದೇ ನನಗೆ ಆಶ್ಚರ್ಯ.

ಆ ಶ್ರಾವಣದಲ್ಲೇ ನನ್ನನ್ನು ನೋಡಲು ನಾಗಮಂಗಲದಿಂದ ಒಂದು ಗಂಡಿನ ಕಡೆಯವರು ಬಂದರು. ಅಂಗಡಿ ಇದ್ದ ಅನುಕೂಲಸ್ಥರು. ಅವ್ವ ನನ್ನ ಉಗುರುಗಳನ್ನು ಸೀಮೆಎಣ್ಣೆ, ಸೀಗೆಪುಡಿ, ಹುಣಸೆಹಣ್ಣು ಎಲ್ಲ ಹಾಕಿ ತಿಕ್ಕಿದಳು. ಮಸಿ ಜಗ್ಗಲಿಲ್ಲ. ಕಾಫಿ ಲೋಟ ತೆಗೆದುಕೊಳ್ಳುತ್ತ ಹುಡುಗನ ಸೋದರಮಾವ ನನ್ನ ಬೆರಳುಗಳನ್ನೇ ನೋಡಿದರು.

"ಎಣ್ಮಗ ಪ್ರೆಸ್ಸಲ್ ಕೆಲ್ಸ ಮಾಡ್ತದಂತೆ?"

ಅಪ್ಪ, "ಸುಮ್ಕೆ, ಒತ್ತು ಓಗ್ಲಿ ಅಂತ" ಎಂದರು.

ಹೊತ್ತು ಹೋಗಲಿ ಅಂತ!

"ನಾಳೆಯಿಂದ್ಲೇ ಬುಡ್ಸಿ. ನಮ್ ಕಡೆ ಇವೆಲ್ಲ ಸರಿ ಓಗಕ್ಕಿಲ್ಲ. ಆಮೇಲೆ ಪತ್ರಿಕೆ ಅಂತೂ ನಿಮ್ ಪ್ರೆಸ್ಸಲ್ಲೇ ಆಯ್ತದಲ್ಲ, ಅದು ನಿಮ್ ಲೆಕ್ಕಕ್ಕೇ ಇರ್ಲಿ" ಎಂದರು ಸೋದರಮಾವ, ದೊಡ್ಡ ಮನಸ್ಸು ಮಾಡಿದವರಂತೆ.

ಅಪ್ಪ ನೆಲ ನೋಡುತ್ತ ಕೂತಿದ್ದರು. ಅವರು ಏನಾದರೂ ಹೇಳಲಿ ಎಂದು ಕಾದೆ. ಕೊನೆಗೆ ನಾನೇ ಹೇಳಿದೆ, "ಪುಸ್ತಕ ಅರ್ಧ ಆಗಿದೆ. ಬಿಡೋಕಾಗಲ್ಲ. ಮುಗಿದ್ಮೇಲೂ ಬಿಡಲ್ಲ. ಇದನ್ನ ಈಗಲೇ ಹೇಳ್ಬಿಟ್ರೆ ನಿಮಗೂ ಒಳ್ಳೇದು."

ನನ್ನ ಧ್ವನಿ ನಾನು ಅಂದುಕೊಂಡಿದ್ದಕ್ಕಿಂತ ಜೋರಾಗಿತ್ತು. ಅವರು ಲೋಟ ಕೆಳಗಿಟ್ಟು ಎದ್ದರು. ಹುಡುಗ ಪಾಪ, ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ. ಅವನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅವ್ವ ಒಲೆಯ ಮುಂದೆ ಕೂತು ಅತ್ತಳು. ಅದು ನನಗೆ ನಿಜವಾಗಿಯೂ ನೋಯಿತು. ಆದರೆ ಮಾರನೆಯ ಬೆಳಿಗ್ಗೆ ಕಿಟಕಿ ಪಕ್ಕದಲ್ಲೇ ನಿಂತಿದ್ದೆ.

ಅಪ್ಪ ನನ್ನೊಡನೆ ಮಾತು ಬಿಟ್ಟರು. ಕೆಲಸದ ಮಾತನ್ನೂ ಸಿಂಧಘಟ್ಟದಣ್ಣನ ಮೂಲಕ ಹೇಳಿಸುತ್ತಿದ್ದರು. ಮೂರು ಜನ ನಿಂತರೆ ತುಂಬಿಹೋಗುವ ಕೋಣೆ ಅದು. ಅವರಿಗೂ ನನಗೂ ನಡುವೆ ಒಂದು ಕೇಸಿನ ಅಂತರ. "ಯಜಮಾನ್ರು ಕೇಳ್ತಾವ್ರೆ, ಪುಟ ಆಯ್ತಾ ಅಂತ" ಎಂದು ಸಿಂಧಘಟ್ಟದಣ್ಣ ನನ್ನ ಕಡೆ ತಿರುಗುವರು. ನಾನು, "ಆಯ್ತು ಅಂತ ಹೇಳಿ" ಎನ್ನುವೆ. ನಗು ಬರಬೇಕಾದ ವಿಷಯ, ಆದರೆ ನಮ್ಮ ಮೂವರಲ್ಲಿ ಯಾರಿಗೂ ನಗು ಬರುತ್ತಿರಲಿಲ್ಲ.

ದಸರೆಯ ರಜ ಶುರುವಾಗುವ ಹೊತ್ತಿಗೆ ಪುಸ್ತಕ ಮುಗಿಯಿತು. ಮೇಷ್ಟ್ರು ಕಟ್ಟುಗಳನ್ನು ಬಸ್ಸಿನ ಮೇಲೆ ಹಾಕಿಸಿ, ಒಂದು ಪ್ರತಿಯನ್ನು ಬಿಚ್ಚಿ ಪುಟಪುಟದಲ್ಲೂ ಬೆರಳನ್ನು ಮೇಲಿಂದ ಕೆಳಕ್ಕೆ ಇಳಿಸುತ್ತ ನೋಡಿದರು. "ಎಲ್ಲೂ ಸಿಕ್ಕಾಕ್ಕೊಳ್ಳಲಿಲ್ಲ ನೋಡು ಬೆರಳು" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಇಷ್ಟು ವರ್ಷ ಆಗದು ಎನ್ನಿಸಿಕೊಂಡವರ ಕಣ್ಣೀರು ಅದು, ನನಗೆ ಅರ್ಥವಾಯಿತು. ಹೊರಡುವ ಮುಂಚೆ ಅಪ್ಪನಿಗೆ, "ಮಗಳಿಗೆ ನನ್ನ ಆಶೀರ್ವಾದ ಇದೆ ಯಜಮಾನ್ರೇ" ಎಂದರು. ಅಪ್ಪ, "ಬಸ್ಸು ಒಂಟೋಯ್ತದೆ, ನಡೀರಿ" ಎಂದರು.

ಆಯುಧಪೂಜೆಯ ಬೆಳಿಗ್ಗೆ ಮೆಷಿನ್ನು ತೊಳೆದು, ನೆಲ ಸಾರಿಸಿ, ಬಾಗಿಲಿಗೆ ಮಾವಿನ ಎಲೆ ಕಟ್ಟಿದ್ದಾಯಿತು. ಅವ್ವ ಅರಿಶಿನ, ಕುಂಕುಮ, ಸೇವಂತಿಗೆ ಇಟ್ಟ ತಟ್ಟೆಯನ್ನು ಎಂದಿನಂತೆ ನನ್ನ ಕೈಗೆ ಕೊಟ್ಟಳು. ಎಂದಿನಂತೆ ಅಪ್ಪನ ಹಿಂದೆ ಹೋದೆ. ಅಪ್ಪ ಮೆಷಿನ್ನಿಗೆ ಕುಂಕುಮ ಇಟ್ಟರು, ತಮ್ಮ ಕೇಸಿಗೆ ಇಟ್ಟರು. ಸಿಂಧಘಟ್ಟದಣ್ಣ ತಮ್ಮದಕ್ಕೆ ಇಟ್ಟು ಕೈಮುಗಿದರು. ಉಳಿದದ್ದು ಕಿಟಕಿ ಪಕ್ಕದ್ದು. ಈಗ ಅಪ್ಪನೇ ಇಡುತ್ತಾರೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆ. ತಟ್ಟೆಯನ್ನು ಅವರ ತಲೆಯ ಮೇಲೆ ಕವುಚಿಬಿಡಬೇಕೆನ್ನುವಷ್ಟು ಸಿಟ್ಟು ಬಂತು, ಅಷ್ಟೇ ಅಳುವೂ ಬಂತು.

ಅಪ್ಪ ಕುಂಕುಮಕ್ಕೆ ಬೆರಳದ್ದಿದರು. ಕೇಸಿನವರೆಗೂ ಬೆರಳು ಹೋಯಿತು. ಅಲ್ಲಿ ನಿಂತಿತು. ಆ ಬೆರಳನ್ನು ಹೆಗಲ ಮೇಲಿನ ಟವೆಲ್ಲಿಗೆ ಒರೆಸಿಕೊಂಡರು.

"ಇದು ನಂದಲ್ಲ" ಎಂದರು. ಎಷ್ಟೋ ದಿನಗಳ ಮೇಲೆ ನನಗೆ ನೇರವಾಗಿ ಆಡಿದ ಮೊದಲ ಮಾತು ಅದು. "ನಿನ್ ಕೇಸ್ಗೆ ನೀನೇ ಇಕ್ಕವ್ವ. ತಟ್ಟೆ ಇಂಗ್ ಕೊಡು."

ಸಿಂಧಘಟ್ಟದಣ್ಣ ಆ ಕಡೆ ತಿರುಗಿ, "ಸೇವಂತ್ಗೇನೂ ಮಡುಗವ್ವ. ಅದ್ಕೆಷ್ಟು ನೀರು ಅಂತ ಇವತ್ತು ಯಾರೂ ಕೇಳಕ್ಕಿಲ್ಲ" ಎಂದರು. ನಾನು ಅಳುತ್ತಲೇ ನಕ್ಕೆ. ಮಸಿ ಕೂತ ಬೆರಳನ್ನು ಕುಂಕುಮಕ್ಕೆ ಅದ್ದಿ ನನ್ನ ಕೇಸಿಗೆ ಇಟ್ಟೆ, ಹೂವನ್ನೂ ಇಟ್ಟೆ. ಅಷ್ಟು ಹೊತ್ತೂ ಅಪ್ಪ ತಟ್ಟೆ ಹಿಡಿದುಕೊಂಡು ನನ್ನ ಹಿಂದೆ ನಿಂತಿದ್ದರು.